ಬಳಚಿನ ಚಿಪ್ಪನ್ನು ಮಗುಚಿ ನೋಡಿ

ಕಡಲ ದಂಡೆಗೆ ಹೋದವರು ಚಿಪ್ಪು ಹೆಕ್ಕದೆ ವಾಪಸ್ ಬರುವುದು ಕಡಿಮೆ. ಬಣ್ಣ ಚೆನ್ನಾಗಿದೆಯಾ, ಗೆರೆ ಚೆನ್ನಾಗಿದೆಯಾ, ಎಲ್ಲೂ ಒಡೆದಿಲ್ಲವಾ ಎಂದು ನೋಡಿ, ಮರಳು ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹೀಗೆ ನೋಡುವುದೆಲ್ಲ ಹೊರಮೈಯನ್ನೇ. ನನಗೆ ಜಾಸ್ತಿ ಇಷ್ಟ ಅದರ ಒಳಮೈ. ಅಲ್ಲಿ ಹೆಚ್ಚು ಬಣ್ಣ ಇರುವುದಿಲ್ಲ, ನುಣುಪಾದ ಬಿಳುಪು ಅಷ್ಟೇ. ಆದರೆ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದರೆ ಮಾಸಲು ಗುರುತುಗಳು ಮೇಲೆದ್ದು ಕಾಣುತ್ತವೆ. ಅವನ್ನು ಓದಲು ಕಲಿತರೆ ಒಳಗಿದ್ದ ಜೀವದ ಮುಂಭಾಗ ಯಾವುದು, ಹಿಂಭಾಗ ಯಾವುದು, ಅದು ಮರಳಿನ ಎಷ್ಟು ಆಳದಲ್ಲಿ ಬದುಕುವ ಜಾತಿ ಎನ್ನುವುದೆಲ್ಲ ಗೊತ್ತಾಗುತ್ತದೆ.

ನಾನು ಹೇಳುತ್ತಿರುವುದು ಬಳಚಿನ ಬಗ್ಗೆ. ಎರಡು ಚಿಪ್ಪುಗಳ ನಡುವೆ ಬದುಕುವ, ಮೆತ್ತಗಿನ ದೇಹದ ಜೀವಿ ಅದು. ಕುಮಟಾ ಕಡೆ ಬಳಚು ಅನ್ನುತ್ತಾರೆ, ಉಡುಪಿ, ಮಂಗಳೂರಿನಲ್ಲಿ ಮರುವಾಯಿ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಇದು ಹೇರಳ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಜಾಗ ಅದು. ಇಳಿತದ ಹೊತ್ತಿಗೆ ಹೋದರೆ ನೀರಿಗಿಳಿದು ಬಳಚು ತೆಗೆಯುವವರನ್ನು ನೋಡಬಹುದು. ದೋಣಿಯಲ್ಲಿ ಹೋಗುವವರಿದ್ದಾರೆ, ನಡೆದೇ ಹೋಗಿ ಕಾಲಲ್ಲಿ ತಡಕಿ, ಕೈಯಲ್ಲಿ ಎತ್ತಿ ಬುಟ್ಟಿ ತುಂಬಿಸುವವರೂ ಇದ್ದಾರೆ. ಕೈಗೆ ಇಷ್ಟು ಸುಲಭವಾಗಿ ಯಾಕೆ ಸಿಗುತ್ತದೆ ಎನ್ನುವುದಕ್ಕೂ ಉತ್ತರ ಚಿಪ್ಪಿನ ಒಳಮೈಯಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಬಳಚಿನ ಚಿಪ್ಪು ತಾನಾಗಿಯೇ ತೆರೆದುಕೊಳ್ಳುವಂಥದ್ದು. ಬಟ್ಟೆ ಒಣಹಾಕುವ ಕ್ಲಿಪ್ ಇದೆಯಲ್ಲ, ಅದು ಸುಮ್ಮನಿದ್ದಾಗ ಬಾಯಿ ಮುಚ್ಚಿರುತ್ತದೆ, ಒತ್ತಿದರೆ ಬಾಯಿ ಬಿಡುತ್ತದೆ. ಬಳಚು ಇದಕ್ಕೆ ಪೂರ್ತಿ ಉಲ್ಟಾ. ಅದನ್ನು ಅದರ ಪಾಡಿಗೆ ಬಿಟ್ಟರೆ ಬಾಯಿ ಬಿಡುತ್ತದೆ. ಮುಚ್ಚಿಕೊಂಡಿರಬೇಕಾದರೆ ಒಳಗಿನ ಜೀವ ದುಡಿಯಬೇಕು. ನಾವು ಚಿಪ್ಪನ್ನು ಮುಚ್ಚಿಟ್ಟ ಡಬ್ಬಿಯ ಹಾಗೆ ಕಲ್ಪಿಸಿಕೊಂಡಿರುತ್ತೇವೆ. ಮುಚ್ಚಿರುವುದೇ ಅದರ ಸಹಜ ಸ್ಥಿತಿ ಅಂದುಕೊಂಡಿರುತ್ತೇವೆ. ಹಾಗಲ್ಲ ಎಂದು ಗೊತ್ತಾದ ಮೇಲೆ ಮೀನು ಮಾರ್ಕೆಟ್ಟಿನಲ್ಲಿ ಬಳಚಿನ ರಾಶಿ ನೋಡುವಾಗ ನನಗೆ ಬೇರೆಯೇ ಅನಿಸುತ್ತದೆ. ಬಿಗಿಯಾಗಿ ಮುಚ್ಚಿ ಕೂತ ಒಂದೊಂದು ಬಳಚೂ ಆ ಕ್ಷಣದಲ್ಲಿ ಕೆಲಸ ಮಾಡುತ್ತಿದೆ.

ತೆರೆಸುವ ಶಕ್ತಿ ಎಲ್ಲಿಂದ ಬರುತ್ತದೆ? ಎರಡು ಚಿಪ್ಪು ಕೂಡುವ ಕೀಲಿನ ಹೊರಗಡೆ, ಕೊಕ್ಕಿನ ಹಾಗೆ ಬಾಗಿದ ತುದಿಯ ಪಕ್ಕದಲ್ಲಿ, ಕಂದು ಬಣ್ಣದ ಒಂದು ಚಿಕ್ಕ ಪಟ್ಟಿ ಇರುತ್ತದೆ. ಇದೇ ಲಿಗಮೆಂಟ್. ಪ್ರೋಟೀನಿನಿಂದಾದ, ಬಾಗಿಸಿದರೆ ಬಾಗಿ ಬಿಟ್ಟರೆ ಮತ್ತೆ ಮೊದಲಿನಂತಾಗುವ ವಸ್ತು. ಚಿಪ್ಪು ಮುಚ್ಚಿದಾಗ ಇದರ ಹೊರಪದರ ಎಳೆದುಕೊಳ್ಳುತ್ತದೆ, ಒಳಪದರ ಒತ್ತಿಕೊಳ್ಳುತ್ತದೆ. ಎರಡೂ ಸೇರಿ ಚಿಪ್ಪನ್ನು ತೆರೆಯಲು ಸದಾ ತಳ್ಳುತ್ತಿರುತ್ತವೆ. ಇದರಲ್ಲಿ ಸ್ನಾಯು ಇಲ್ಲ, ನರ ಇಲ್ಲ. ಹಾಗಾಗಿ ಪ್ರಾಣಿ ಸತ್ತ ಮೇಲೂ ಇದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಸತ್ತ ಬಳಚು ಬಾಯಿ ತೆರೆದಿರುವುದು ಇದಕ್ಕೇ. ಮಾರ್ಕೆಟ್ಟಿನಲ್ಲಿ ಸ್ವಲ್ಪ ಬಾಯಿ ಬಿಟ್ಟ ಬಳಚು ಕಂಡರೆ ಬೆರಳಿನಿಂದ ತಟ್ಟಿ ನೋಡುವ ಅಭ್ಯಾಸ ಹಲವರಿಗಿದೆ. ಮುಚ್ಚಿಕೊಂಡರೆ ಜೀವ ಇದೆ. ಹಾಗೇ ಇದ್ದರೆ ಬುಟ್ಟಿಗೆ ಹಾಕಿಕೊಳ್ಳಬಾರದು. ಬಿಸಿನೀರಿಗೆ ಹಾಕಿದಾಗ ಬಾಯಿ ಬಿಡುವುದೂ ಇದೇ ಲೆಕ್ಕ. ಶಾಖಕ್ಕೆ ಸ್ನಾಯು ಬೆಂದು ಹಿಡಿತ ಬಿಡುತ್ತದೆ, ಪಟ್ಟಿ ಚಿಪ್ಪನ್ನು ತಳ್ಳಿ ತೆರೆಯುತ್ತದೆ. ನಮ್ಮ ಕಡೆ ಮೆಟ್ಟುಕತ್ತಿಯಲ್ಲಿ ಹಸಿ ಮರುವಾಯಿ ಬಿಡಿಸುವವರು ಅಲಗನ್ನು ಸಂದಿಗೆ ತೂರಿಸಿ ಕತ್ತರಿಸುವುದು ಇದೇ ಸ್ನಾಯುವನ್ನು. ಅದು ತುಂಡಾದ ಕೂಡಲೇ ಚಿಪ್ಪು ಸಡಿಲವಾಗುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ಖಾಲಿ ಚಿಪ್ಪು ಎಸೆದು, ಮಾಂಸ ಇರುವ ಅರ್ಧವನ್ನು ಸುಕ್ಕಕ್ಕೋ ಪುಂಡಿಗೋ ಹಾಕುತ್ತಾರೆ.

ಕೀಲಿನ ಒಳಭಾಗದಲ್ಲಿ ಹಲ್ಲುಗಳಿವೆ. ತಿನ್ನುವ ಹಲ್ಲಲ್ಲ. ಒಂದು ಚಿಪ್ಪಿನ ಏಣು ಇನ್ನೊಂದರ ಗುಳಿಯಲ್ಲಿ ಸರಿಯಾಗಿ ಕೂರುತ್ತದೆ. ಇದರಿಂದ ಮುಚ್ಚಿದ ಚಿಪ್ಪನ್ನು ಪಕ್ಕಕ್ಕೆ ತಿರುಚಿ ಜಾರಿಸಲು ಆಗುವುದಿಲ್ಲ. ಬಳಚಿನಲ್ಲಿ ಕೊಕ್ಕಿನ ಕೆಳಗೆ ಇಂಥ ಮೂರು ಮುಖ್ಯ ಹಲ್ಲುಗಳು ಕಾಣುತ್ತವೆ. ಎರಡು ಚಿಪ್ಪೂ ಒಟ್ಟೊಟ್ಟಿಗೆ, ಒಂದರ ಅಂಚಿಗೆ ಇನ್ನೊಂದು ತಾಗಿಕೊಂಡೇ ಬೆಳೆದಿರುತ್ತವೆ. ಹಾಗಾಗಿ ಒಂದರ ಹಲ್ಲು ಇನ್ನೊಂದು ಬಳಚಿನ ಚಿಪ್ಪಿಗೆ ಸರಿಯಾಗಿ ಹೊಂದುವುದಿಲ್ಲ. ಜಪಾನಿನಲ್ಲಿ ಇದರಿಂದಲೇ ಒಂದು ಆಟ ಹುಟ್ಟಿತು. ಹೆಸರು ಕಾಯ್-ಅವಾಸೆ. ನಮ್ಮ ಬಳಚಿನ ಕುಲವಾದ ಮೆರಿಟ್ರಿಕ್ಸ್‌ಗೇ ಸೇರಿದ ಹಮಗುರಿ ಎನ್ನುವ ಚಿಪ್ಪಿನ ಒಳಮೈಗೆ ಬಂಗಾರದ ಹಾಳೆ ಹಚ್ಚಿ ಚಿತ್ರ ಬಿಡಿಸುತ್ತಿದ್ದರು. ಜೋಡಿಗಳನ್ನು ಬೇರೆ ಮಾಡಿ ಹರವಿಟ್ಟು, ಯಾವುದಕ್ಕೆ ಯಾವುದು ಜೋಡಿ ಎಂದು ಹುಡುಕಬೇಕು. ಚಿಪ್ಪಿಗೆ ತನ್ನ ಜೋಡಿ ಬಿಟ್ಟರೆ ಬೇರೆ ಹೊಂದುವುದಿಲ್ಲ ಎನ್ನುವ ಕಾರಣಕ್ಕೆ ದೊಡ್ಡ ಮನೆತನದ ಮದುಮಗಳ ಜೊತೆ ಈ ಚಿಪ್ಪಿನ ಪೆಟ್ಟಿಗೆಗಳನ್ನು ಕಳಿಸುವ ರೂಢಿ ಇತ್ತು. ಸಿಂಗರಿಸಲು ಅವರೂ ಒಳಮೈಯನ್ನೇ ಆರಿಸಿಕೊಂಡರು ಎನ್ನುವುದು ನನಗೆ ತುಂಬ ಹಿಡಿಸಿದ ಸಂಗತಿ.

ಈಗ ಮುಚ್ಚುವ ಸ್ನಾಯುಗಳಿಗೆ ಬರೋಣ. ಖಾಲಿ ಚಿಪ್ಪಿನ ಒಳಗೆ ಎರಡು ಬದಿಗಳಲ್ಲಿ ಒಂದೊಂದು ದುಂಡನೆಯ, ಸ್ವಲ್ಪ ಹೊಳೆಯುವ ಕಲೆ ಇರುತ್ತದೆ. ಒಂದು ಮುಂದೆ, ಒಂದು ಹಿಂದೆ. ಸ್ನಾಯುಗಳು ಚಿಪ್ಪಿಗೆ ಹಿಡಿದುಕೊಂಡಿದ್ದ ಜಾಗ ಅದು. ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಅಡ್ಡಲಾಗಿ ಹೋಗುವ ಈ ಎರಡು ಸ್ನಾಯುಗಳೇ ಬಾಯಿ ಮುಚ್ಚಿಸುತ್ತವೆ. ಬಂಡೆಗೆ ಅಂಟಿ ಬೆಳೆಯುವ ಆಯ್ಸ್ಟರ್‌ನಲ್ಲಿ ಇಂಥ ಕಲೆ ಒಂದೇ ಇರುತ್ತದೆ, ಅದರ ಮುಂದಿನ ಸ್ನಾಯು ಇಲ್ಲವಾಗಿದೆ.

ಹಸಿ ಬಳಚು ಬಿಡಿಸಿದಾಗ ಸ್ನಾಯುವಿನ ತುಂಡನ್ನು ಹತ್ತಿರದಿಂದ ನೋಡಿ. ಅರ್ಧ ಭಾಗ ತುಸು ಪಾರದರ್ಶಕ, ಇನ್ನರ್ಧ ಹಾಲಿನ ಬಿಳುಪು. ಎರಡಕ್ಕೂ ಬೇರೆ ಬೇರೆ ಕೆಲಸ. ಪಾರದರ್ಶಕ ಭಾಗ ಚುರುಕು. ನೆರಳು ಬಿದ್ದರೆ, ಏನಾದರೂ ತಾಗಿದರೆ ಥಟ್ಟನೆ ಚಿಪ್ಪು ಮುಚ್ಚಿಸುತ್ತದೆ, ಆದರೆ ಬೇಗ ದಣಿಯುತ್ತದೆ. ಬಿಳಿ ಭಾಗ ನಿಧಾನ. ಒಮ್ಮೆ ಹಿಡಿಯಿತೆಂದರೆ ಹಿಡಿದೇ ಇರುತ್ತದೆ. ನಾವು ಮುಷ್ಟಿ ಬಿಗಿ ಹಿಡಿದರೆ ಸ್ವಲ್ಪ ಹೊತ್ತಿಗೇ ಕೈ ಸೋಲುತ್ತದೆ, ಯಾಕೆಂದರೆ ಬಿಗಿತ ಉಳಿಸಿಕೊಳ್ಳಲು ನಮ್ಮ ಸ್ನಾಯು ಶಕ್ತಿ ಸುರಿಯುತ್ತಲೇ ಇರಬೇಕು. ಬಳಚಿನ ಬಿಳಿ ಸ್ನಾಯು ಬಿಗಿದುಕೊಂಡ ಮೇಲೆ ಚಿಲಕ ಹಾಕಿಕೊಂಡು ಬಿಡುತ್ತದೆ. ಆಮೇಲೆ ಅದೇ ಬಿಗಿತದಲ್ಲಿ ಇರಲು ಖರ್ಚಾಗುವ ಶಕ್ತಿ ತೀರಾ ಕಡಿಮೆ. ಇಂಗ್ಲಿಷಿನಲ್ಲಿ ಇದನ್ನು ಕ್ಯಾಚ್ ಸ್ನಾಯು ಅನ್ನುತ್ತಾರೆ. ಸದಾ ತೆರೆಯಲು ತಳ್ಳುವ ಪಟ್ಟಿಯ ಎದುರು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮುಚ್ಚಿಕೊಂಡಿರಲು ಸಾಧ್ಯವಾಗುವುದು ಇದರಿಂದ.

ಸಮುದ್ರ ನಕ್ಷತ್ರ ಇದಕ್ಕೆ ಎದುರು ಪಟ್ಟು ಹಾಕುತ್ತದೆ. ತನ್ನ ಸಣ್ಣ ಸಣ್ಣ ಕೊಳವೆ ಕಾಲುಗಳಿಂದ ಎರಡು ಚಿಪ್ಪನ್ನೂ ಹಿಡಿದು ಎಳೆಯುತ್ತಾ ಕೂರುತ್ತದೆ. ಒಂದು ಕೂದಲೆಳೆಯಷ್ಟು ಸಂದಿ ಸಿಕ್ಕರೆ ಸಾಕು. ತನ್ನ ಹೊಟ್ಟೆಯನ್ನೇ ಹೊರಚಾಚಿ ಆ ಸಂದಿಯೊಳಗೆ ಇಳಿಸಿ ಅಲ್ಲೇ ಜೀರ್ಣ ಮಾಡಿಕೊಳ್ಳುತ್ತದೆ.

ಎರಡು ಕಲೆಗಳ ನಡುವೆ, ಚಿಪ್ಪಿನ ಅಂಚಿಗೆ ಸಮಾನಾಂತರವಾಗಿ ಒಂದು ತೆಳು ಗೆರೆ ಹೋಗುತ್ತದೆ. ಮ್ಯಾಂಟಲ್ ಎನ್ನುವ ಪೊರೆ ಚಿಪ್ಪಿಗೆ ಅಂಟಿಕೊಂಡಿದ್ದ ಗುರುತು ಅದು. ಹಿಂಭಾಗಕ್ಕೆ ಬರುವಾಗ ಈ ಗೆರೆ ಒಳಕ್ಕೆ ಬಾಗಿ ಒಂದು ಪುಟ್ಟ ಕೊಲ್ಲಿ ಮಾಡುತ್ತದೆ. ನನ್ನ ಮಟ್ಟಿಗೆ ಇಡೀ ಚಿಪ್ಪಿನಲ್ಲಿ ಅತಿ ಹೆಚ್ಚು ವಿಷಯ ಹೇಳುವುದು ಈ ಕೊಲ್ಲಿ. ಬಳಚು ಮರಳಿನಲ್ಲಿ ಹೂತುಕೊಂಡು ಎರಡು ಕೊಳವೆಗಳನ್ನು ಮೇಲೆ ಚಾಚುತ್ತದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಅಪಾಯ ಬಂದಾಗ ಕೊಳವೆಗಳನ್ನು ಒಳಗೆಳೆದುಕೊಳ್ಳಬೇಕು. ಎಳೆಯುವ ಸ್ನಾಯುಗಳು ಹಿಡಿದುಕೊಂಡಿರುವುದು ಈ ಕೊಲ್ಲಿಯ ಅಂಚಿಗೆ. ಕೊಳವೆ ಉದ್ದವಾದಷ್ಟೂ ಅದಕ್ಕೆ ಒಳಗೆ ಜಾಗ ಜಾಸ್ತಿ ಬೇಕು, ಕೊಲ್ಲಿ ಆಳವಾಗುತ್ತದೆ. ಅಂದರೆ ಆಳವಾದ ಕೊಲ್ಲಿ ಕಂಡರೆ ಆ ಜೀವ ಆಳದಲ್ಲಿ ಹೂತಿರುತ್ತಿತ್ತು ಎಂದು ತಿಳಿಯಬಹುದು. ಕೋಟಿಗಟ್ಟಲೆ ವರ್ಷ ಹಳೆಯ ಪಳೆಯುಳಿಕೆ ಚಿಪ್ಪಿನಲ್ಲೂ ಹೀಗೇ ಲೆಕ್ಕ ಹಾಕುತ್ತಾರೆ, ಮೆತ್ತಗಿನ ಕೊಳವೆ ಎಂದೋ ಕೊಳೆತು ಹೋಗಿದ್ದರೂ.

ಮೆರಿಟ್ರಿಕ್ಸ್ ಬಳಚಿನಲ್ಲಿ ಈ ಕೊಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಕೊಳವೆ ಗಿಡ್ಡ. ಮರಳಿನ ಮೇಲ್ಪದರದಲ್ಲೇ ಇದರ ಬದುಕು. ಇಳಿತದಲ್ಲಿ ಕಾಲಿಗೆ ತಡಕುವುದು, ಕೈಗೆ ಸಿಗುವುದು ಅದಕ್ಕೇ. ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ ಗೂಯಿಡಕ್ ಎಂಬ ದೊಡ್ಡ ಜಾತಿ ಇದೆ. ಅದರ ಕೊಳವೆ ಒಂದು ಮೀಟರಿನವರೆಗೂ ಚಾಚಬಲ್ಲದು. ಚಿಪ್ಪಿನೊಳಗೆ ಅದು ಹಿಡಿಸುವುದೇ ಇಲ್ಲ. ಅದನ್ನು ತೆಗೆಯಬೇಕಾದರೆ ಕೈ ಸಾಲದು, ಆಳವಾಗಿ ಅಗೆಯಬೇಕು.

ಈ ಕೊಲ್ಲಿಯಿಂದ ಎಡ ಬಲವೂ ಗೊತ್ತಾಗುತ್ತದೆ. ಎರಡು ಚಿಪ್ಪುಗಳು ಮೇಲಿನದು ಕೆಳಗಿನದು ಅಲ್ಲ, ಪ್ರಾಣಿಯ ಎಡ ಮತ್ತು ಬಲ ಪಕ್ಕಗಳು. ಕೀಲು ಇರುವುದು ಬೆನ್ನಿನ ಮೇಲೆ. ಒಂದು ಬಿಡಿ ಚಿಪ್ಪು ಸಿಕ್ಕರೆ ಕೊಕ್ಕು ಮೇಲಿರುವಂತೆ, ಒಳಮೈ ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಕೊಲ್ಲಿ ನಿಮ್ಮ ಎಡಗಡೆ ಇದ್ದರೆ ಅದು ಎಡ ಚಿಪ್ಪು, ಬಲಗಡೆ ಇದ್ದರೆ ಬಲ ಚಿಪ್ಪು. ದಂಡೆಯ ಮೇಲೆ ಒಂದಷ್ಟು ಚಿಪ್ಪುಗಳನ್ನು ಹೀಗೆ ವಿಂಗಡಿಸಿ ನೋಡಿ. ಕೆಲವು ಕಡೆ ಎಡವೇ ಜಾಸ್ತಿ, ಕೆಲವು ಕಡೆ ಬಲವೇ ಜಾಸ್ತಿ ಸಿಗುವುದುಂಟು. ಒಂದು ಇನ್ನೊಂದರ ಕನ್ನಡಿ ಬಿಂಬ ಅಲ್ವಾ, ಹಾಗಾಗಿ ಓರೆಯಾಗಿ ಬರುವ ಅಲೆ ಎರಡನ್ನೂ ಒಂದೇ ಥರ ಎಳೆದೊಯ್ಯುವುದಿಲ್ಲ.

ಬಳಚು ಮರಳಿಗೆ ಇಳಿಯುವ ರೀತಿಯನ್ನು ಒಮ್ಮೆ ನೋಡಬೇಕು. ಉಪ್ಪುನೀರು, ಮರಳು ಇರುವ ಪಾತ್ರೆಯಲ್ಲಿ ಜೀವಂತ ಬಳಚು ಬಿಟ್ಟು, ಸದ್ದು ಮಾಡದೆ ಕಾದರೆ ಆಯಿತು. ಮೊದಲು ಬಾಯಿ ಸ್ವಲ್ಪ ತೆರೆದು ನಾಲಗೆಯಂಥ ಬಿಳಿ ಮಾಂಸ ಹೊರಗೆ ಬರುತ್ತದೆ. ಅದೇ ಅದರ ಕಾಲು. ಮರಳೊಳಗೆ ತೂರಿದ ಕಾಲಿನ ತುದಿಗೆ ರಕ್ತ ನುಗ್ಗಿ ಉಬ್ಬಿ, ಅಲ್ಲಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ತಕ್ಷಣ ಚಿಪ್ಪು ಫಕ್ಕನೆ ಮುಚ್ಚುತ್ತದೆ. ಒಳಗಿದ್ದ ನೀರು ಚಿಮ್ಮಿ ಸುತ್ತಲಿನ ಮರಳು ಸಡಿಲವಾಗುತ್ತದೆ. ಕಾಲಿನ ಸ್ನಾಯುಗಳು ಚಿಪ್ಪನ್ನು ಕೆಳಗೆ ಎಳೆಯುತ್ತವೆ. ಆಮೇಲೆ ಮುಚ್ಚುವ ಸ್ನಾಯು ಸಡಿಲ ಬಿಟ್ಟಾಗ ಲಿಗಮೆಂಟ್ ಚಿಪ್ಪನ್ನು ಅಗಲಿಸುತ್ತದೆ. ಅಗಲವಾದ ಚಿಪ್ಪು ಮರಳಿಗೆ ಒತ್ತಿ ನಿಲ್ಲುತ್ತದೆ. ಆ ಆಸರೆಯಲ್ಲಿ ಕಾಲು ಇನ್ನೂ ಕೆಳಗೆ ತೂರುತ್ತದೆ. ತೆರೆಯುವ ಪಟ್ಟಿಗೆ ಇಲ್ಲಿ ಇನ್ನೊಂದು ಕೆಲಸವೂ ಸಿಕ್ಕಿದೆ. ಅಮೆರಿಕದ ಎಂಐಟಿಯಲ್ಲಿ ರೇಜರ್ ಕ್ಲ್ಯಾಮ್ ಎನ್ನುವ ಉದ್ದನೆಯ ಚಿಪ್ಪಿನ ಜಾತಿಯನ್ನು ನೋಡಿ ರೋಬೋಕ್ಲ್ಯಾಮ್ ಎಂಬ ಯಂತ್ರ ಮಾಡಿದರು. ಚಿಪ್ಪು ಮುಚ್ಚುವಾಗ ಪಕ್ಕದ ಮರಳು ನೀರಿನೊಂದಿಗೆ ಬೆರೆತು ತೆಳ್ಳಗಾಗುತ್ತದೆ, ಅದರಲ್ಲಿ ಇಳಿಯಲು ತುಂಬ ಕಡಿಮೆ ಶಕ್ತಿ ಸಾಕು ಎಂಬುದು ಅವರು ಕಂಡುಕೊಂಡ ಗುಟ್ಟು.

ಒಳಗಿನ ದೇಹಕ್ಕೆ ತಲೆ ಇಲ್ಲ. ಬಾಯಿ ಇದೆ, ಆದರೆ ಅಗಿಯುವ ವ್ಯವಸ್ಥೆ ಇಲ್ಲ. ಕಿವಿರು ಉಸಿರಾಟದ ಜೊತೆ ಊಟದ ಕೆಲಸವನ್ನೂ ಮಾಡುತ್ತದೆ. ಕಿವಿರಿನ ಮೇಲಿನ ಸೂಕ್ಷ್ಮ ರೋಮಗಳು ಬಡಿಯುತ್ತಾ ನೀರನ್ನು ಎಳೆದುಕೊಳ್ಳುತ್ತವೆ. ನೀರಿನಲ್ಲಿದ್ದ ಪಾಚಿಯ ಕಣಗಳು ಲೋಳೆಗೆ ಅಂಟಿ ಬಾಯಿಯ ಕಡೆ ಸಾಗುತ್ತವೆ. ಬೇಡದ ಮಣ್ಣನ್ನು ಬಾಯಿಯ ಹತ್ತಿರವೇ ಬೇರ್ಪಡಿಸಿ, ಲೋಳೆಯಲ್ಲಿ ಸುತ್ತಿ ಹೊರಗೆ ಹಾಕುತ್ತದೆ. ಹೃದಯ ಇದೆ, ಕರುಳಿನ ಕೊನೆಯ ಭಾಗ ಅದರ ನಡುವೆಯೇ ಹಾದುಹೋಗುತ್ತದೆ. ಹಸಿ ಬಳಚು ಬಿಡಿಸುವಾಗ ಕೆಲವೊಮ್ಮೆ ಗಾಜಿನಂತೆ ತಿಳಿಯಾದ, ಮೆತ್ತಗಿನ ಒಂದು ಕಡ್ಡಿ ಸಿಗುತ್ತದೆ. ಹುಳು ಎಂದು ಹೆದರಿ ಎಸೆಯುವವರಿದ್ದಾರೆ. ಅದು ಹುಳು ಅಲ್ಲ, ಬಳಚಿನ ಜಠರದ ಭಾಗ. ಜಠರದಲ್ಲಿ ಈ ಕಡ್ಡಿ ತಿರುಗುತ್ತಲೇ ಇರುತ್ತದೆ. ತಿರುಗುತ್ತಾ ಲೋಳೆಯ ಎಳೆಯನ್ನು ಒಳಗೆ ಸುತ್ತಿಕೊಳ್ಳುತ್ತದೆ, ತುದಿಯಲ್ಲಿ ಸವೆಯುತ್ತಾ ಜೀರ್ಣರಸ ಬಿಡುತ್ತದೆ. ಪ್ರಾಣಿಲೋಕದಲ್ಲಿ ಸದಾ ತಿರುಗುವ ಅಂಗ ತೀರಾ ಅಪರೂಪ. ನಮ್ಮ ಅಡುಗೆಮನೆಯಲ್ಲೇ ಅದು ಕಾಣಸಿಗುತ್ತದೆ.

ಚಿಪ್ಪು ಕಟ್ಟುವುದು ಮ್ಯಾಂಟಲ್ ಪೊರೆಯ ಅಂಚು. ಮೊದಲು ತೆಳ್ಳಗಿನ, ಅರಗಿನ ಬಣ್ಣದ ಒಂದು ಸಿಪ್ಪೆ ಹೊರಬರುತ್ತದೆ. ತಾಜಾ ಬಳಚು ಹೊಳೆಯುವುದು ಇದರಿಂದ. ದಂಡೆಯಲ್ಲಿ ಸಿಗುವ ಹಳೆಯ ಚಿಪ್ಪಿನಲ್ಲಿ ಇದು ಸವೆದು ಹೋಗಿ ಸುಣ್ಣದ ಬಿಳುಪು ಕಾಣುತ್ತದೆ. ಈ ಸಿಪ್ಪೆಯ ಅಡಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಪದರವಾಗಿ ಕೂರುತ್ತದೆ. ಬಳಚಿನಲ್ಲಿ ಇದರ ಸೂಕ್ಷ್ಮ ಹಾಳೆಗಳು ಒಂದಕ್ಕೊಂದು ಅಡ್ಡಡ್ಡಲಾಗಿ ಜೋಡಿಸಿಕೊಂಡಿರುತ್ತವೆ. ಬಿರುಕು ಬಿಟ್ಟರೆ ಅದು ನೇರವಾಗಿ ಹೋಗಲಾಗದೆ ಪ್ರತಿ ಹಾಳೆಯಲ್ಲೂ ದಿಕ್ಕು ಬದಲಿಸಬೇಕು. ನೆಲದಲ್ಲಿ ಸಿಗುವ ಚಾಕ್ ಎಂಬ ಮೆತ್ತಗಿನ ಸುಣ್ಣದ ಕಲ್ಲೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟೇ. ಜೋಡಣೆ ಬದಲಾದರೆ ಎಷ್ಟು ಗಟ್ಟಿಯಾಗುತ್ತದೆ ನೋಡಿ.

ಚಿಪ್ಪಿನ ಅತಿ ಹಳೆಯ ಭಾಗ ಕೊಕ್ಕು. ಮರಿಯಾಗಿದ್ದಾಗಿನ ಚಿಪ್ಪು ಅದೇ. ಅಲ್ಲಿಂದ ಅಂಚಿನ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಬೆಳವಣಿಗೆ ನಿಧಾನವಾದಾಗ, ನಿಂತಾಗ ಗೆರೆ ಮೂಡುತ್ತದೆ. ಐಸ್‌ಲ್ಯಾಂಡ್ ಬಳಿ 2006ರಲ್ಲಿ ಸಂಶೋಧಕರು ಎತ್ತಿದ ಒಂದು ಚಿಪ್ಪಿನ ಗೆರೆಗಳನ್ನು ಎಣಿಸಿದಾಗ ಮೊದಲು ನಾನೂರು ವರ್ಷ ಮೀರಿದ ವಯಸ್ಸು ಬಂತು. ಆಮೇಲೆ 2013ರಲ್ಲಿ ಹೊಸದಾಗಿ ಎಣಿಸಿ 507 ವರ್ಷ ಎಂದು ತಿದ್ದಿದರು. ಅದಕ್ಕೆ ಮಿಂಗ್ ಎಂಬ ಹೆಸರು ಬಿದ್ದಿದೆ. ಅದು ಹುಟ್ಟಿದ್ದು 1499ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮರುವರ್ಷ. ಅಷ್ಟೂ ಕಾಲದ ಸಮುದ್ರದ ಕಥೆ ಅಂಥ ಚಿಪ್ಪುಗಳಲ್ಲಿ ಉಳಿದಿರುತ್ತದೆ. ನೀರಿನ ತಾಪ ಎಷ್ಟಿತ್ತು ಎನ್ನುವುದನ್ನು ಚಿಪ್ಪಿನೊಳಗಿನ ಆಮ್ಲಜನಕದ ಐಸೋಟೋಪುಗಳಿಂದ, ಅಂದರೆ ತೂಕದಲ್ಲಿ ಬೇರೆಯಾದ ಅದರ ರೂಪಗಳಿಂದ, ಲೆಕ್ಕ ಹಾಕುತ್ತಾರೆ.

ಕೆಲವು ಚಿಪ್ಪುಗಳ ಕೊಕ್ಕಿನ ಹತ್ತಿರ ಒಂದು ದುಂಡನೆಯ ತೂತು ಇರುತ್ತದೆ. ಸರಕ್ಕೆ ಪೋಣಿಸಲೆಂದೇ ಯಾರೋ ಕೊರೆದಂತಿರುತ್ತದೆ. ಹೊರಗಡೆ ಅಗಲ, ಒಳಗಡೆ ಕಿರಿದಾದ ತೂತಾದರೆ ಅದು ನ್ಯಾಟಿಕಾ ಗುಂಪಿನ ಮಾಂಸಾಹಾರಿ ಬಸವನಹುಳುವಿನ ಕೆಲಸ. ಮರಳಿನೊಳಗೇ ಬಳಚನ್ನು ಹುಡುಕಿ, ತನ್ನ ಕಾಲಿನಿಂದ ಸುತ್ತಿ ಹಿಡಿದು, ಆಮ್ಲ ಸವರುತ್ತಾ ಅರದಂಥ ನಾಲಗೆಯಿಂದ ಗಂಟೆಗಟ್ಟಲೆ ಕೊರೆಯುತ್ತದೆ. ಮುಚ್ಚುವ ಸ್ನಾಯು ಎಷ್ಟೇ ಗಟ್ಟಿ ಹಿಡಿದರೂ ಇದರೆದುರು ಉಪಯೋಗವಿಲ್ಲ.

ಮಳೆಗಾಲ ಬಂದಾಗ ಆ ಹಿಡಿತಕ್ಕೆ ನಿಜವಾದ ಪರೀಕ್ಷೆ. ಅಘನಾಶಿನಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ನೀರೆಲ್ಲ ನೇರ ಅಳಿವೆಗೆ ಬರುತ್ತದೆ. ಜೂನ್, ಜುಲೈನಲ್ಲಿ ಉಪ್ಪು ಇಳಿದು ನೀರು ಬಹುಪಾಲು ಸಿಹಿಯಾಗುತ್ತದೆ. ಬಳಚು ಬಾಯಿ ಮುಚ್ಚಿ ಕೂರುತ್ತದೆ. ಮುಚ್ಚಿದರೆ ಉಸಿರಾಟ ನಿಂತ ಹಾಗೆ. ಆಮ್ಲಜನಕ ಇಲ್ಲದೆಯೂ ಸ್ವಲ್ಪ ಕಾಲ ಬದುಕುವ ದಾರಿ ಅದಕ್ಕೆ ಗೊತ್ತು, ಆದರೆ ಆಗ ದೇಹದಲ್ಲಿ ಆಮ್ಲ ಸೇರುತ್ತಾ ಹೋಗುತ್ತದೆ. ಆ ಆಮ್ಲವನ್ನು ತಣಿಸಲು ಅದು ತನ್ನ ಚಿಪ್ಪಿನ ಒಳಪದರವನ್ನೇ ಸ್ವಲ್ಪ ಸ್ವಲ್ಪ ಕರಗಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕಟ್ಟಿದ್ದು ಮಳೆಗಾಲಕ್ಕೆ ಒದಗುತ್ತದೆ. ಉಬ್ಬರದಲ್ಲಿ ಉಪ್ಪುನೀರು ಬಂದಾಗ ಬಾಯಿ ತೆರೆದು, ಇಳಿತದಲ್ಲಿ ಮತ್ತೆ ಮುಚ್ಚಿ, ಹೇಗೋ ದಿನ ದೂಡುತ್ತದೆ. ಮಳೆ ವಿಪರೀತವಾದ ವರ್ಷ ರಾಶಿಗಟ್ಟಲೆ ಸಾಯುವುದೂ ಇದೆ. ಉಪ್ಪು ಕಡಿಮೆಯಾದರೂ ತಡೆಯಬಲ್ಲ ವಿಲ್ಲೋರಿಟಾ ಎಂಬ ಕಪ್ಪು ಚಿಪ್ಪಿನ ಜಾತಿ ನದಿಯ ಒಳಭಾಗದಲ್ಲಿದೆ, ಉಪ್ಪು ಜಾಸ್ತಿ ಬೇಕಾದವು ಸಮುದ್ರದ ಬಾಯಿಯ ಹತ್ತಿರ ಇವೆ. ಸೆಪ್ಟೆಂಬರ್ ಕಳೆದು ಉಪ್ಪು ಮರಳಿದಾಗ ಅಳಿವೆ ಮತ್ತೆ ಚಿಗುರುತ್ತದೆ.

ಪಕ್ಕದ ಹೊನ್ನಾವರದ ಶರಾವತಿಯಲ್ಲಿ ಕಥೆ ಬೇರೆ. ಲಿಂಗನಮಕ್ಕಿಯಲ್ಲಿ ಹಿಡಿದಿಟ್ಟ ನೀರು ವಿದ್ಯುತ್ ತಯಾರಿಸಿ ವರ್ಷವಿಡೀ ಕೆಳಗೆ ಬರುತ್ತದೆ. ಮಳೆಗಾಲದಲ್ಲಷ್ಟೇ ಬರಬೇಕಾದ ಸಿಹಿನೀರು ಬೇಸಿಗೆಯಲ್ಲೂ ಅಳಿವೆ ತುಂಬುತ್ತದೆ. ಉಪ್ಪು ಬೇಡುವ ಬಳಚಿನ ಜಾತಿಗಳು ಅಲ್ಲಿ ಕುಗ್ಗಿರುವುದಕ್ಕೆ ಇದೇ ಕಾರಣ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ನದಿಗಳನ್ನು ಹೋಲಿಸಿ ಬರೆದಿದ್ದಾರೆ. ಕುಮಟಾದಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಎರಡು ಕಡೆಯೂ ಅದೇ ಮರಳು, ಅದೇ ಉಬ್ಬರ ಇಳಿತ. ಬಿಳಿ ಸ್ನಾಯು ಮಳೆಯ ಬಿರುಸನ್ನು ತಡೆದುಕೊಳ್ಳುತ್ತದೆ. ಹನ್ನೆರಡು ತಿಂಗಳು ಮುಚ್ಚಿಕೊಂಡಿರಲು ಅದಕ್ಕೆ ಆಗುವುದಿಲ್ಲ.